ಮುದಿ ಬೆಕ್ಕಿಗೆ ಮನೆಯೇ ಕಣ್ಣು



ನಮ್ಮ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಮನೆಯವರ ಜೊತೆಗೆ ಬೆಕ್ಕುಗಳಿಗೂ ವಯಸ್ಸಾಗುತ್ತಿದೆ. ನಾನು ಪಶುವೈದ್ಯ ವೃತ್ತಿಗೆ ಬಂದ ಹೊಸದರಲ್ಲಿ 10 ವರ್ಷ ದಾಟಿದ ಬೆಕ್ಕು ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಬೀದಿನಾಯಿಯೋ ಲಾರಿಯೋ ರೋಗವೋ ಅಷ್ಟರೊಳಗೆ ಅದರ ಕಥೆ ಮುಗಿಸಿಬಿಡುತ್ತಿತ್ತು. ಈಗ ಜನ ಲಸಿಕೆ ಹಾಕಿಸುತ್ತಾರೆ, ಮರಿ ಹಾಕದಂತೆ ಆಪರೇಷನ್ ಮಾಡಿಸುತ್ತಾರೆ, ಮನೆಯೊಳಗೇ ಇಟ್ಟುಕೊಂಡು ಮುದ್ದಾಗಿ ಸಾಕುತ್ತಾರೆ. 14, 16, ಒಮ್ಮೊಮ್ಮೆ 18 ವರ್ಷದ ಬೆಕ್ಕುಗಳು ನನ್ನ ಮೇಜಿನ ಮೇಲೆ ಬಂದು ಕೂರುತ್ತವೆ. 15 ವರ್ಷದ ಬೆಕ್ಕೆಂದರೆ ನಮ್ಮ ಲೆಕ್ಕದಲ್ಲಿ 75 ದಾಟಿದ ಹಿರಿಯ ಜೀವ.

ಆ ವಯಸ್ಸಿಗೆ ಕಣ್ಣು ಮಂಜಾಗಬಹುದು, ಬುದ್ಧಿಯೂ ಮಂಕಾಗಬಹುದು. ಎರಡೂ ಒಟ್ಟಿಗೆ ಬಂದಾಗ ಮನೆಯವರು ಕೈಚೆಲ್ಲಿ, “ಪಾಪ, ವಯಸ್ಸಾಯ್ತಲ್ಲ ಡಾಕ್ಟ್ರೇ, ಇನ್ನೇನು ಮಾಡಕ್ಕಾಗುತ್ತೆ?” ಅನ್ನುತ್ತಾರೆ. ಮಾಡುವುದು ಬಹಳ ಇದೆ. ವಯಸ್ಸಿನ ತಲೆಗೆ ಕಟ್ಟುವ ತೊಂದರೆಗಳಲ್ಲಿ ಹಲವಕ್ಕೆ ಔಷಧಿ ಇದೆ. ಔಷಧಿ ಇಲ್ಲದವನ್ನು ಮನೆ ಹೊರಬಲ್ಲದು, ಆದರೆ ಮನೆ ಇದ್ದ ಹಾಗೇ ಇರಬೇಕು. ಇಷ್ಟನ್ನು ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ಬೆಕ್ಕು ತನ್ನ ಕುರುಡನ್ನು ಎಷ್ಟು ಚೆನ್ನಾಗಿ ಮರೆಮಾಚುತ್ತದೆ ಎಂದರೆ ಜೊತೆಗಿದ್ದವರಿಗೂ ಗೊತ್ತಾಗುವುದಿಲ್ಲ. ದೀಪಾವಳಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುತ್ತಾರೆ. ಬೀರು ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಮಂಚ ತಿರುಗುತ್ತದೆ. ಅದೇ ವಾರ ನನಗೆ ಫೋನು ಬರುತ್ತದೆ, “ಬೆಕ್ಕು ಇದ್ದಕ್ಕಿದ್ದ ಹಾಗೆ ಎಲ್ಲದಕ್ಕೂ ಡಿಕ್ಕಿ ಹೊಡೀತಿದೆ” ಅಂತ. ಪರೀಕ್ಷೆ ಮಾಡಿದರೆ ಎಷ್ಟೋ ತಿಂಗಳಿಂದ ನೋಟ ಕಡಿಮೆಯಾಗುತ್ತಾ ಬಂದದ್ದು ತಿಳಿಯುತ್ತದೆ. ಅಷ್ಟು ದಿನ ಅದು ಮನೆಯ ನಕ್ಷೆಯನ್ನು ತಲೆಯಲ್ಲಿಟ್ಟುಕೊಂಡು ಓಡಾಡುತ್ತಿತ್ತು. ಬೀರು ಸರಿದ ದಿನ ಆ ನಕ್ಷೆ ಸುಳ್ಳಾಯಿತು.

ಚಾಮರಾಜಪೇಟೆಯ ಒಂದು ವಠಾರದಲ್ಲಿ ಇಂಥದೊಂದು ಹೆಣ್ಣು ಬೆಕ್ಕನ್ನು ನಾನು ಬಹಳ ಹೊತ್ತು ಕೂತು ನೋಡಿದ್ದೇನೆ. ನಡುಮನೆಯ ಮಧ್ಯದಲ್ಲಿ ಅದು ನಡೆಯುವುದಿಲ್ಲ. ಎಡಗಡೆಯ ಮೀಸೆ ಗೋಡೆಗೆ ತಾಗುವಷ್ಟು ಹತ್ತಿರ, ಗೋಡೆಯ ಗುಂಟ ಬರುತ್ತದೆ. ಬಾಗಿಲು ಬಂದ ಕೂಡಲೇ ಮೀಸೆಗೆ ತಾಗುತ್ತಿದ್ದ ಗೋಡೆ ತಪ್ಪುತ್ತದೆ. ಅಲ್ಲೇ ನಿಂತು ಕುತ್ತಿಗೆ ಚಾಚಿ, ಮೀಸೆಯನ್ನೆಲ್ಲ ಮುಂದಕ್ಕೆ ಚೆಲ್ಲಿ, ಮುಂಗಾಲಿನಿಂದ ಹೊಸ್ತಿಲನ್ನು ಒಂದು ಸಲ ಮುಟ್ಟಿ ನೋಡಿ ಎತ್ತಿ ಇಡುತ್ತದೆ. ಬೆಕ್ಕಿನ ಮೀಸೆಯ ಬುಡದಲ್ಲಿ ನರಗಳ ಗೊಂಚಲೇ ಇದೆ. ಗಾಳಿ ಅಲುಗಿದರೂ ಅದಕ್ಕೆ ತಿಳಿಯುತ್ತದೆ. ಮುಂಗಾಲಿನ ಮಣಿಕಟ್ಟಿನ ಹಿಂದೆಯೂ ಅಂಥದೇ ಕೂದಲಿದೆ. ನಮ್ಮ ಕಿವಿ ಹೆಚ್ಚೆಂದರೆ 20 ಸಾವಿರ ಹರ್ಟ್ಸ್‌ವರೆಗಿನ ದನಿ ಕೇಳಿದರೆ, ಬೆಕ್ಕು 60 ಸಾವಿರ ದಾಟಿದ ಸಣ್ಣ ಕಿರುಗುಟ್ಟುವಿಕೆಯನ್ನೂ ಕೇಳುತ್ತದೆ. ಮೀಸೆ, ಕಿವಿ, ಮೂಗು, ಜ್ಞಾಪಕ ಈ ನಾಲ್ಕು ನೆಟ್ಟಗಿದ್ದರೆ ಕುರುಡು ಬೆಕ್ಕು ಸುಖವಾಗಿಯೇ ಬಾಳುತ್ತದೆ.

ನಿಮ್ಮ ಬೆಕ್ಕಿಗೆ ಕಣ್ಣು ಕಾಣುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಕೈ ಬೀಸಿ ನೋಡಬೇಡಿ. ಕೈ ಬೀಸಿದರೆ ಗಾಳಿ ಮೀಸೆಗೆ ತಾಗಿ ಬೆಕ್ಕು ತಲೆ ತಿರುಗಿಸುತ್ತದೆ, ನೀವು ಮೋಸ ಹೋಗುತ್ತೀರಿ. ದೇವರ ಮನೆಯಲ್ಲಿ ಹೂಬತ್ತಿ ಇರುತ್ತದಲ್ಲ, ಎಣ್ಣೆ ಸೋಕದ ಒಂದು ಹೂಬತ್ತಿ ತೆಗೆದುಕೊಂಡು ಬೆಕ್ಕಿನ ಮುಖದಿಂದ ಒಂದಡಿ ದೂರದಲ್ಲಿ, ಸ್ವಲ್ಪ ಮೇಲಿನಿಂದ ಕೆಳಗೆ ಬಿಡಿ. ಸದ್ದಿಲ್ಲ, ವಾಸನೆಯಿಲ್ಲ, ಗಾಳಿಯಿಲ್ಲ. ಕಾಣುವ ಬೆಕ್ಕು ಅದು ಬೀಳುವುದನ್ನು ಕಣ್ಣಿನಿಂದ ಹಿಂಬಾಲಿಸುತ್ತದೆ. ಕಾಣದ ಬೆಕ್ಕು ಕೂತ ಹಾಗೇ ಕೂತಿರುತ್ತದೆ. ಎರಡು ಮೂರು ಸಲ, ಎಡದಲ್ಲಿ ಒಮ್ಮೆ, ಬಲದಲ್ಲಿ ಒಮ್ಮೆ ಹೀಗೆ ಮಾಡಿದರೆ ಒಂದು ಅಂದಾಜು ಸಿಗುತ್ತದೆ. ನಡುಹಗಲ ಬೆಳಕಿನಲ್ಲೂ ಪಾಪೆ ಪೂರ್ತಿ ಅಗಲವಾಗಿ ಕಪ್ಪಗೆ ತೆರೆದುಕೊಂಡಿದ್ದರೆ ಅದೂ ಒಂದು ಸೂಚನೆ.

ಪೊರೆಯ ವಿಚಾರ ಒಂದು ಮಾತು. ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಅಜ್ಜನಿಗೆ ಪೊರೆ ತೆಗೆಸಿಕೊಂಡು ಬಂದವರು ಬೆಕ್ಕಿನ ಕಣ್ಣಿನಲ್ಲಿ ನೀಲಿ ಛಾಯೆ ಕಂಡರೆ ಇದೂ ಪೊರೆಯೇ ಎಂದುಕೊಳ್ಳುತ್ತಾರೆ. ಮುದಿ ಬೆಕ್ಕಿನ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ನೀಲಿಯಾಗಿ ಕಾಣುವುದು ಸಹಜ. ಅದರಿಂದ ನೋಟ ಹೋಗುವುದಿಲ್ಲ. ನಾಯಿಗಳಿಗೆ ಹೋಲಿಸಿದರೆ ಬೆಕ್ಕಿಗೆ ನಿಜವಾದ ಪೊರೆ ಬರುವುದು ಕಡಿಮೆ. ಬೆಕ್ಕಿನ ನೋಟ ಕಸಿಯುವ ದೊಡ್ಡ ಕಳ್ಳ ಬೇರೆ ಇದ್ದಾನೆ. ಅವನ ಹೆಸರು ರಕ್ತದೊತ್ತಡ, ನಾವೆಲ್ಲ ಬಿ.ಪಿ. ಅನ್ನುವುದು.

ಹೌದು, ಬೆಕ್ಕಿಗೂ ಬಿ.ಪಿ. ಬರುತ್ತದೆ. ಮೂತ್ರಪಿಂಡ ಸವೆದ ಬೆಕ್ಕಿಗೆ, ಥೈರಾಯ್ಡ್ ಹೆಚ್ಚಾದ ಬೆಕ್ಕಿಗೆ ಇದು ಸಾಮಾನ್ಯ. ಮಲ್ಲೇಶ್ವರದ ಒಬ್ಬ ಹಿರಿಯರು ಬೆಳಿಗ್ಗೆ ಆರು ಗಂಟೆಗೇ ಫೋನು ಮಾಡಿದರು: “ಡಾಕ್ಟ್ರೇ, ರಾತ್ರಿ ಚೆನ್ನಾಗೇ ಊಟ ಮಾಡ್ತು. ಈಗ ನೋಡಿದ್ರೆ ಬಚ್ಚಲುಮನೆ ಮೂಲೇಲಿ ಕೂತ್ಕೊಂಡು ಕೂಗ್ತಾ ಇದೆ. ಕಣ್ಣು ಪೂರ್ತಿ ಕಪ್ಪಗಾಗಿಬಿಟ್ಟಿದೆ.” ಒತ್ತಡ ಏರಿದಾಗ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳು ಸೋರುತ್ತವೆ, ಸೋರಿದ ನೀರು ಅಕ್ಷಿಪಟಲವನ್ನು ಅದರ ಜಾಗದಿಂದ ಎಬ್ಬಿಸಿಬಿಡುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಬೆಕ್ಕು ಕುರುಡಾಗುತ್ತದೆ. ಇಂಥ ಹೊತ್ತಿನಲ್ಲಿ “ನಾಳೆ ನೋಡೋಣ” ಅನ್ನಬಾರದು. ಕೂಡಲೇ ಒತ್ತಡ ಇಳಿಸಿದರೆ ಅಕ್ಷಿಪಟಲ ಮತ್ತೆ ಕೂತು ಕೆಲವು ಬೆಕ್ಕುಗಳಿಗೆ ಸ್ವಲ್ಪವಾದರೂ ನೋಟ ಮರಳುತ್ತದೆ. ದಿನ ಕಳೆದಂತೆ ಆ ಆಸೆ ಕರಗುತ್ತದೆ. ಮಲ್ಲೇಶ್ವರದ ಆ ಬೆಕ್ಕಿಗೆ ಒಂದು ಕಣ್ಣಿನಲ್ಲಿ ಬೆಳಕು ನೆರಳು ತಿಳಿಯುವಷ್ಟು ನೋಟ ಉಳಿಯಿತು. ಅಷ್ಟು ಸಾಕಾಯಿತು ಅದಕ್ಕೆ. ಕಿಟಕಿಯ ಬಿಸಿಲನ್ನು ಹುಡುಕಿಕೊಂಡು ಹೋಗಿ ಮಲಗುತ್ತಿತ್ತು.

ಬಿ.ಪಿ. ಅಳೆಯುವುದು ಮುಂಗಾಲಿಗೋ ಬಾಲಕ್ಕೋ ಚಿಕ್ಕ ಪಟ್ಟಿ ಸುತ್ತಿ. ಮೇಲಿನ ಅಂಕಿ ಮತ್ತೆ ಮತ್ತೆ 160 ದಾಟುತ್ತಿದ್ದರೆ ಕಣ್ಣು, ಮಿದುಳು, ಹೃದಯ, ಮೂತ್ರಪಿಂಡಗಳಿಗೆ ಅಪಾಯ. 180 ದಾಟಿದರೆ ದೊಡ್ಡ ಅಪಾಯ. ಆಟೋದಲ್ಲಿ ಬಂದ ಗಾಬರಿಗೇ ಬೆಕ್ಕಿನ ಒತ್ತಡ ಏರಿರುತ್ತದೆ. ಅದಕ್ಕೇ ಬುಟ್ಟಿಯ ಮೇಲೆ ಮನೆಯ ಹಳೆಯ ಹತ್ತಿ ಸೀರೆಯೊಂದನ್ನು ಮುಚ್ಚಿ ತನ್ನಿ, ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಹಾಗೇ ಬಿಡಿ, ಆಮೇಲೆ ಅಳೆಯಲು ಹೇಳಿ. ಔಷಧಿ ಅಮ್ಲೋಡಿಪಿನ್. ನಿಮ್ಮಲ್ಲಿ ಎಷ್ಟೋ ಜನ ದಿನಾ ಬೆಳಿಗ್ಗೆ ನುಂಗುವ ಮಾತ್ರೆಯೇ. ಹಾಗಂತ ಅಜ್ಜನ ಮಾತ್ರೆಯ ಚೂರು ಮುರಿದು ಬೆಕ್ಕಿಗೆ ಕೊಡಬೇಡಿ. ಪ್ರಮಾಣ ವೈದ್ಯರೇ ಹೇಳಬೇಕು. ಇಲ್ಲೇ ಇನ್ನೊಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಒಂದು ಮಾತ್ರೆ ಜೀವ ತೆಗೆಯಬಹುದು. ಹಾಗೆಯೇ ಎನ್ರೋಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಹೆಚ್ಚಿನ ಪ್ರಮಾಣದಲ್ಲಿ ಬೆಕ್ಕಿನ ಅಕ್ಷಿಪಟಲವನ್ನು ಸುಡುತ್ತದೆ. ನಾಯಿಗೆ ಬರೆದುಕೊಟ್ಟ ಔಷಧಿಯನ್ನು ಮನೆಯ ಬೆಕ್ಕಿಗೆ ಹಾಕುವವರು ಇದನ್ನು ನೆನಪಿಡಬೇಕು.

ಈಗ ನಮ್ಮ ಬಡಾವಣೆಗಳಿಗೇ ಹತ್ತಿರವಾದ ಒಂದು ವಿಷಯಕ್ಕೆ ಬರುತ್ತೇನೆ. ಇಲ್ಲಿ ಸಸ್ಯಾಹಾರಿ ಮನೆಗಳು ಹೆಚ್ಚು. ಬೆಕ್ಕಿಗೆ ಹಾಲನ್ನ, ಮೊಸರನ್ನ, ಹೆಚ್ಚೆಂದರೆ ಸ್ವಲ್ಪ ತುಪ್ಪ. “ನಮ್ಮಜ್ಜಿ ಕಾಲದಿಂದ ಹಾಲನ್ನಾನೇ ಹಾಕಿರೋದು, ಆ ಬೆಕ್ಕುಗಳು ಚೆನ್ನಾಗೇ ಇರ್ಲಿಲ್ವಾ?” ಎಂದು ಕೇಳುತ್ತಾರೆ. ಚೆನ್ನಾಗಿದ್ದವು ನಿಜ. ಆದರೆ ಅಜ್ಜಿಯ ಬೆಕ್ಕು ನಡುಮನೆಯಲ್ಲಿ ಹಾಲನ್ನ ಉಂಡು, ಅಟ್ಟದ ಮೇಲೆ ಇಲಿ ಹಿಡಿಯುತ್ತಿತ್ತು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ನಂತರ ತುಂಬಿಕೊಂಡ ಬಡಾವಣೆಗಳು. ಇಲಿ ಎಂದರೆ ಜನ ನಡುಗುತ್ತಿದ್ದ ಕಾಲದಲ್ಲಿ ಬೆಕ್ಕಿಗೆ ಮನೆಯಲ್ಲಿ ಕೆಲಸವಿತ್ತು. ಇಲಿ, ಹಲ್ಲಿ, ಹಿತ್ತಲಿನ ಗುಬ್ಬಿ ಅದರ ನಿಜವಾದ ಊಟ; ಹಾಲನ್ನ ಅದರ ಮೇಲಿನ ಸಂಬಳ.

ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರಿನ್ ಎಂಬ ಒಂದು ಪೋಷಕಾಂಶ ಬೇಕು. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ, ನಾಯಿಯದೂ ಬಹುಮಟ್ಟಿಗೆ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಿಕೊಳ್ಳಲು ಬರುವುದಿಲ್ಲ. ಅದು ಸಿಗುವುದು ಮಾಂಸ, ಮೀನುಗಳಲ್ಲಿ. ಅನ್ನದಲ್ಲಿ ಇಲ್ಲ, ಹಾಲಿನಲ್ಲಿರುವುದು ಬೆಕ್ಕಿಗೆ ಸಾಲದು. ಅಮೆರಿಕದ ವಿಜ್ಞಾನಿಗಳು ಹಾಲಿನ ಪ್ರೋಟೀನಾದ ಕೇಸೀನನ್ನೇ ಮುಖ್ಯ ಪ್ರೋಟೀನಾಗಿ ಕೊಟ್ಟು ಸಾಕಿದ ಬೆಕ್ಕುಗಳ ಅಕ್ಷಿಪಟಲ ಸವೆದುಹೋಗುವುದನ್ನು ಗಮನಿಸಿ, ಅದಕ್ಕೆ ಟಾರಿನ್ ಕೊರತೆಯೇ ಕಾರಣ ಎಂದು 1975ರಲ್ಲಿ ತೋರಿಸಿದರು. ಅದೇ ಕೊರತೆಯಿಂದ ಹೃದಯವೂ ಹಿಗ್ಗಿ ಸೋಲುತ್ತದೆ ಎನ್ನುವುದು 1987ರಲ್ಲಿ ತಿಳಿಯಿತು. ಆಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಅದಕ್ಕೆ ಟಾರಿನ್ ಹೆಚ್ಚಾಗಿ ಬೆರೆಸತೊಡಗಿದರು. ಬೇಗ ಪತ್ತೆಹಚ್ಚಿದರೆ ಹೃದಯ ಸುಧಾರಿಸುತ್ತದೆ. ಸವೆದ ಅಕ್ಷಿಪಟಲ ಮರಳುವುದಿಲ್ಲ.

ಇವತ್ತು ನಮ್ಮ ಬೆಕ್ಕುಗಳಿಗೆ ಅಟ್ಟವಿಲ್ಲ, ಹಿತ್ತಲಿಲ್ಲ. ಮೂರನೇ ಮಹಡಿಯ ಫ್ಲಾಟಿನೊಳಗೆ ಬರೀ ಮೊಸರನ್ನ ತಿಂದು ಬಾಳುವ ಬೆಕ್ಕು ನಿಧಾನವಾಗಿ ಕಣ್ಣು ಕಳೆದುಕೊಳ್ಳಬಹುದು. ನಿಮ್ಮ ಆಚಾರವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಮಾಂಸ ಬೇಯಿಸುವ ಅಗತ್ಯವೂ ಇಲ್ಲ. ಬೆಕ್ಕಿಗೆಂದೇ ಮಾಡಿದ, ಟಾರಿನ್ ಸೇರಿಸಿದ ಆಹಾರ ಅಂಗಡಿಯಲ್ಲಿ ಸಿಗುತ್ತದೆ. ಅದರ ಡಬ್ಬ, ಅದರ ತಟ್ಟೆ ಹಿಂದಿನ ವರಾಂಡದಲ್ಲಿ ಬೇರೆಯೇ ಇರಲಿ. ಬಸವನಗುಡಿಯ ಮಡಿ ಮನೆಗಳಲ್ಲೇ ಈ ಏರ್ಪಾಡು ಮಾಡಿಕೊಂಡಿರುವ ಅಮ್ಮಂದಿರನ್ನು ಬಲ್ಲೆ. ನಾಯಿಯ ಆಹಾರ ಮಾತ್ರ ಬೆಕ್ಕಿಗೆ ಆಗದು. ಮೀನು ಬೇಯಿಸಿ ಕೊಡುವ ಮನೆಯವರು ಬೇಯಿಸಿದ ನೀರನ್ನು ಚೆಲ್ಲದೆ ಜೊತೆಗೇ ಕೊಡಿ. ಟಾರಿನ್ ನೀರಿಗೆ ಇಳಿದುಹೋಗಿರುತ್ತದೆ.

ಇನ್ನು ಬುದ್ಧಿಯ ಮಾತು. ಅರವತ್ತಕ್ಕೆ ಅರಳು ಮರಳು ಎನ್ನುತ್ತೇವೆ. ಬೆಕ್ಕಿಗೆ ಅದು 11-12ರ ಸುಮಾರಿಗೆ ಶುರುವಾಗಬಹುದು. ಒಂದು ಅಧ್ಯಯನದಲ್ಲಿ 11ರಿಂದ 14 ವರ್ಷದ ಬೆಕ್ಕುಗಳಲ್ಲಿ ಶೇಕಡಾ 28ರಷ್ಟಕ್ಕೆ, 15 ದಾಟಿದವುಗಳಲ್ಲಿ ಅರ್ಧದಷ್ಟಕ್ಕೆ ವಯಸ್ಸಿಗೆ ಸಂಬಂಧಿಸಿದ ಒಂದಲ್ಲ ಒಂದು ನಡವಳಿಕೆಯ ಬದಲಾವಣೆ ಕಂಡುಬಂತು. ಮನುಷ್ಯರ ಅಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಎಂಬ ಪದಾರ್ಥವೇ ಮುದಿ ಬೆಕ್ಕುಗಳ ಮಿದುಳಿನಲ್ಲೂ ಸೇರಿಕೊಳ್ಳುತ್ತದೆ. ಊಟ ಮಾಡಿದ್ದು ಮರೆತು ಮತ್ತೆ ಬಂದು ಕೇಳುವುದು, ಗೋಡೆ ಮೂಲೆಗೆ ಹೋಗಿ ವಾಪಸು ತಿರುಗಲು ತೋಚದೆ ನಿಂತುಬಿಡುವುದು, ಬಾಗಿಲಿನ ತೆರೆಯದ ಕಡೆ ಕಾಯುವುದು, ಹಗಲೆಲ್ಲ ಮಲಗಿ ರಾತ್ರಿ ತಿರುಗುವುದು, ಮಣ್ಣಿನ ಟ್ರೇ ಬಿಟ್ಟು ಮಂಚದ ಕೆಳಗೆ ಗಲೀಜು ಮಾಡುವುದು, ಇವೆಲ್ಲ ಅದರ ಲಕ್ಷಣಗಳು. ವರ್ಷಗಟ್ಟಲೆ ತೊಡೆಯ ಮೇಲೆ ಮಲಗಿದ ಬೆಕ್ಕು ನಿಮ್ಮನ್ನೇ ಗುರುತಿಸದ ಹಾಗೆ ನೋಡಿದರೆ ಎದೆ ಒಡೆಯುತ್ತದೆ. ಆ ನೋವು ನನಗೆ ಗೊತ್ತು, ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಆದರೆ ಅರಳು ಮರಳು ಎಂದು ಷರಾ ಬರೆಯುವ ಮುಂಚೆ ಬೇರೆಯದನ್ನೆಲ್ಲ ನೋಡಲೇಬೇಕು. ಟ್ರೇಗೆ ಹೋಗದ ಬೆಕ್ಕಿಗೆ ಮರೆವಿನ ಬದಲು ಮಂಡಿನೋವಿರಬಹುದು. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸರೇ ತೆಗೆದು ನೋಡಿದಾಗ 90ರಲ್ಲಿ ಕೀಲು ಸವೆದ ಗುರುತು ಸಿಕ್ಕಿತು. ಟ್ರೇಯ ಅಂಚು ಎತ್ತರವಾಗಿದ್ದರೆ ಕಾಲೆತ್ತಲಾರದೆ ಹೊರಗೇ ಮಾಡುತ್ತದೆ. ಒಂದು ಬದಿಯ ಅಂಚನ್ನು ಕತ್ತರಿಸಿದರೆ ಸಮಸ್ಯೆಯೇ ಮುಗಿದುಹೋಗಬಹುದು. ರಾತ್ರಿ ಕೂಗುವ ಬೆಕ್ಕಿಗೆ ಥೈರಾಯ್ಡ್ ಇರಬಹುದು, ಬಿ.ಪಿ. ಇರಬಹುದು, ಹಲ್ಲುನೋವಿರಬಹುದು, ಕಿವಿ ಮಂದವಾಗಿರಬಹುದು. ತುಂಬ ನೀರು ಕುಡಿಯುತ್ತಾ ಸೊರಗುತ್ತಿದ್ದರೆ ಮೂತ್ರಪಿಂಡವನ್ನೂ ಸಕ್ಕರೆಯನ್ನೂ ನೋಡಬೇಕು. ಒಂದು ರಕ್ತಪರೀಕ್ಷೆ, ಒಂದು ಮೂತ್ರಪರೀಕ್ಷೆ, ಬಿ.ಪಿ. ಇಷ್ಟರಲ್ಲಿ ಬಹಳ ವಿಷಯ ಹೊರಬೀಳುತ್ತದೆ. 10 ದಾಟಿದ ಬೆಕ್ಕಿಗೆ ಆರು ತಿಂಗಳಿಗೊಮ್ಮೆ ಇದನ್ನು ಮಾಡಿಸಿ. ಹತ್ತಿರದಲ್ಲಿ ಕ್ಲಿನಿಕ್ ಇಲ್ಲದಿದ್ದರೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮರೆವನ್ನೇ ವಾಸಿಮಾಡುವ ಔಷಧಿ ಬೆಕ್ಕಿಗೆ ಇಲ್ಲ. ಆತಂಕ ತಗ್ಗಿಸುವ, ನಿದ್ದೆ ಹತ್ತಿಸುವ ಔಷಧಿಗಳಿವೆ, ವೈದ್ಯರು ನೋಡಿ ಕೊಡುತ್ತಾರೆ. ಜ್ಞಾಪಕಶಕ್ತಿಗೆಂದು ಮನುಷ್ಯರಿಗೋ ನಾಯಿಗೋ ಮಾರುವ ಮಾತ್ರೆ ಮಾತ್ರ ಹಾಕಬೇಡಿ. ಅಂಥ ಕೆಲವು ಮಾತ್ರೆಗಳಲ್ಲಿರುವ ಆಲ್ಫಾ ಲಿಪೋಯಿಕ್ ಆಮ್ಲ ಬೆಕ್ಕಿಗೆ ವಿಷ.

ಉಳಿದದ್ದೆಲ್ಲ ಮನೆಯ ಕೆಲಸ. ಕುರುಡಿನ ಜೊತೆ ಮರೆವೂ ಸೇರಿದಾಗ ಬೆಕ್ಕಿನ ತಲೆಯೊಳಗಿನ ನಕ್ಷೆ ದಿನದಿನವೂ ಸ್ವಲ್ಪ ಅಳಿಸುತ್ತಿರುತ್ತದೆ. ಆದ್ದರಿಂದ ನೆಲದ ಮೇಲೆ, ಗೋಡೆಯ ಮೇಲೆ, ಗಾಳಿಯಲ್ಲಿ ನೀವೇ ಅದಕ್ಕೆ ಗುರುತು ಇಡಬೇಕು. ಹಾಸಿಗೆ, ತಟ್ಟೆ, ನೀರು, ಟ್ರೇ ಇವು ತಮ್ಮ ತಮ್ಮ ಜಾಗದಲ್ಲಿರಲಿ, ಆ ಜಾಗ ಬದಲಾಗದಿರಲಿ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಲು ಚೆಂದ, ಆದರೆ ಮಂಡಿ ಸವೆದ ಬೆಕ್ಕಿಗೆ ಜಾರುತ್ತದೆ. ಹಾಸಿಗೆಯಿಂದ ತಟ್ಟೆಗೆ, ತಟ್ಟೆಯಿಂದ ಟ್ರೇಗೆ ಗೋಡೆಯ ಗುಂಟ ಹಳೆಯ ಚಾಪೆಯದೋ ಗೋಣಿಯದೋ ಪಟ್ಟಿ ಹಾಸಿ. ಕಾಲು ಜಾರುವುದಿಲ್ಲ, ಪಾದಕ್ಕೆ ದಾರಿಯೂ ತಿಳಿಯುತ್ತದೆ. ಟ್ರೇಯ ಮುಂದೆ ಮಾತ್ರ ಒರಟಾದ ನಾರಿನ ಕಾಲೊರಸು ಹಾಕಿದರೆ “ಇಲ್ಲಿಗೆ ಬಂದೆ” ಎಂದು ಗೊತ್ತಾಗುತ್ತದೆ. ಹಳೆಯ ಹೊಸ್ತಿಲು ಕಿತ್ತುಹಾಕಿ ನೆಲ ಸಮ ಮಾಡಿಸುವ ಯೋಚನೆಯಿದ್ದರೆ ಬೆಕ್ಕು ಇರುವವರೆಗೆ ಮುಂದೂಡಿ. ಯಾವ ಕೋಣೆಯಿಂದ ಯಾವ ಕೋಣೆಗೆ ಬಂದೆ ಎನ್ನುವುದನ್ನು ಅದು ಹೊಸ್ತಿಲು ಮುಟ್ಟಿಯೇ ತಿಳಿಯುತ್ತದೆ.

ವಾಸನೆಯನ್ನು ಕಾಪಾಡಿ. ದಿನಾ ಫಿನಾಯಿಲ್ ಹಾಕಿ ನೆಲ ಒರೆಸಿದರೆ ಬೆಕ್ಕು ಮೂಗಿನಿಂದ ಓದುವ ದಾರಿಯೆಲ್ಲ ಅಳಿಸಿಹೋಗುತ್ತದೆ. ಅದಕ್ಕಿಂತ ಮುಖ್ಯ, ಫಿನಾಯಿಲ್ ಬೆಕ್ಕಿಗೆ ವಿಷ. ಅದರಲ್ಲಿರುವ ಫೀನಾಲ್ ಜಾತಿಯ ಪದಾರ್ಥಗಳನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಿ ಹೊರಹಾಕಲಾರದು. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ. ಬೆಕ್ಕು ಓಡಾಡುವ ಕಡೆ ಬರೀ ನೀರಿನಲ್ಲಿ, ಬೇಕಾದರೆ ಒಂದು ಚೂರು ಸೋಪು ಹಾಕಿ ಒರೆಸಿ. ಕೆಲಸಕ್ಕೆ ಬರುವ ಅಮ್ಮನಿಗೆ ಕಾರಣ ಹೇಳಿ, ಖಂಡಿತ ಕೇಳುತ್ತಾರೆ. ಬೀರುವಿನ ನುಸಿಗುಳಿಗೆಯೂ ಬೆಕ್ಕಿಗೆ ಎಟುಕದಿರಲಿ. ಹಾಸಿಗೆಯ ಬಟ್ಟೆಗಳನ್ನೆಲ್ಲ ಒಟ್ಟಿಗೆ ಒಗೆಯಬೇಡಿ, ಒಂದು ಒಗೆದರೆ ಇನ್ನೊಂದು ಹಾಗೇ ಇರಲಿ.

ಸದ್ದನ್ನು ಬಳಸಿಕೊಳ್ಳಿ. ಮುಟ್ಟುವ ಮುಂಚೆ ಹೆಸರು ಹಿಡಿದು ಕರೆಯಿರಿ. ಕಾಣದ ಜೀವವನ್ನು ಹಠಾತ್ತನೆ ಎತ್ತಿದರೆ ಗಾಬರಿಯಿಂದ ಪರಚುತ್ತದೆ, ಅದು ಸಿಟ್ಟಲ್ಲ. ಊಟದ ಹೊತ್ತಿಗೆ ಸ್ಟೀಲ್ ತಟ್ಟೆಗೆ ಚಮಚದಿಂದ ಎರಡು ಸಲ ತಟ್ಟುವ ಅಭ್ಯಾಸ ಇಟ್ಟುಕೊಳ್ಳಿ. ಒಂದು ರೇಡಿಯೋವನ್ನು ಬೆಕ್ಕಿನ ಹಾಸಿಗೆಯ ಪಕ್ಕ ಸಣ್ಣ ದನಿಯಲ್ಲಿ ಹಾಕಿಡಿ. ಮನೆಯಲ್ಲಿ ಎಲ್ಲಿ ದಾರಿ ತಪ್ಪಿದರೂ ಆ ದನಿ ಹಿಡಿದು ತನ್ನ ಜಾಗಕ್ಕೆ ಬರುತ್ತದೆ. ರೇಡಿಯೋ ಮಾತ್ರ ಅಲ್ಲೇ ಇರಬೇಕು, ಅಡುಗೆಮನೆಗೂ ವರಾಂಡಕ್ಕೂ ಹೊತ್ತುಕೊಂಡು ತಿರುಗಬಾರದು.

ಆಟ ನಿಲ್ಲಿಸಬೇಡಿ. ಚಿಕ್ಕ ಡಬ್ಬಿಯಲ್ಲಿ ನಾಲ್ಕು ಹುಣಸೆಬೀಜ ಹಾಕಿ ಮುಚ್ಚಳ ಬಿಗಿದು ಉರುಳಿಸಿದರೆ ಕುರುಡು ಬೆಕ್ಕೂ ಕಿವಿ ನಿಮಿರಿಸಿಕೊಂಡು ಬರುತ್ತದೆ. ಊಟದ ಎರಡು ಚೂರನ್ನು ಹಳೆಯ ಟವೆಲಿನ ಮಡಿಕೆಯಲ್ಲಿಟ್ಟು ಹುಡುಕಲು ಬಿಡಿ. ಮೂಗಿಗೆ ಕೆಲಸ ಕೊಟ್ಟಷ್ಟೂ ಬುದ್ಧಿ ಚುರುಕಾಗಿ ಉಳಿಯುತ್ತದೆ.

ಹಳೆಯ ಮನೆಗಳ ಅಪಾಯಗಳು ಬೇರೆ ಇವೆ. ಕಾವೇರಿ ನೀರು ಬಿಟ್ಟ ದಿನ ಸಂಪಿನ ಮುಚ್ಚಳ ತೆಗೆದಿಡುತ್ತೇವೆ. ಕಾಣದ ಬೆಕ್ಕು ಅದರೊಳಗೆ ಬಿದ್ದರೆ ನಯವಾದ ಗೋಡೆ ಹತ್ತಲಾರದು. ಆ ಹೊತ್ತು ಬೆಕ್ಕು ಕೋಣೆಯೊಳಗೆ, ಚಿಲಕ ಹಾಕಿ. ಕಡಿದಾದ ಮೆಟ್ಟಿಲಿಗೆ ಅಡ್ಡ ಹಲಗೆ ಬೇಕು. ನೆಲದ ಮೇಲೆ ಹಚ್ಚಿಡುವ ದೀಪ ಮೇಲೆ ಹೋಗಲಿ. ದೀಪಕ್ಕೆ ಮೀಸೆ ಸುಟ್ಟುಕೊಂಡರೆ ಅದಕ್ಕೆ ಇರುವ ಕಣ್ಣೂ ಹೋದಂತೆ. ಬಸವನಗುಡಿಯವರಿಗೆ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಯ ಸಂಭ್ರಮ. ಬುಲ್ ಟೆಂಪಲ್ ರಸ್ತೆಯ ಅಕ್ಕಪಕ್ಕದ ಮನೆಗಳಲ್ಲಿ ಆ ಗದ್ದಲ, ಪೀಪಿ, ಅಪರಿಚಿತ ಸದ್ದುಗಳಿಗೆ ಬೆಕ್ಕು ಕಂಗೆಡುತ್ತದೆ. ಅದನ್ನು ಹಿಂದಿನ ಕೋಣೆಯಲ್ಲಿಟ್ಟು ಕಿಟಕಿಗೆ ದಪ್ಪ ಬಟ್ಟೆ ಹಾಕಿ. ದೀಪಾವಳಿಗೂ ಹಾಗೇ.

ರಾತ್ರಿಯ ಕೂಗು ಮನೆಯವರನ್ನು ಸೋಲಿಸುವ ವಿಷಯ. ನಡುರಾತ್ರಿ ಎರಡು ಗಂಟೆಗೆ ಪಡಸಾಲೆಯಲ್ಲಿ ನಿಂತು ಅದು ಎಳೆದೆಳೆದು ಕೂಗುತ್ತದೆ. ಬೆಕ್ಕು ಅತ್ತರೆ ಅಪಶಕುನ ಎಂದು ಅಕ್ಕಪಕ್ಕದವರು ಮುಖ ಗಂಟಿಕ್ಕುತ್ತಾರೆ. ಶಕುನವೂ ಇಲ್ಲ, ಅಪಶಕುನವೂ ಇಲ್ಲ. ಕತ್ತಲಲ್ಲಿ ಎಚ್ಚರವಾದ ಮುದಿ ಜೀವ ತಾನೆಲ್ಲಿದ್ದೇನೆ ಎನ್ನುವುದನ್ನು ಮರೆತು, ಯಾರಾದರೂ ಇದ್ದೀರಾ ಎಂದು ಕರೆಯುತ್ತಿದೆ. ವಠಾರದಲ್ಲಿರುವವರು ಪಕ್ಕದ ಮನೆಯವರಿಗೆ ಹೋಗಿ ಇದನ್ನು ಹೇಳಿ: “ನೋಡಿ ಅತ್ತೆ, ಅದಕ್ಕೆ ಕಣ್ಣು ಕಾಣಲ್ಲ, ಮರೆವು ಬೇರೆ. ಸ್ವಲ್ಪ ದಿನ ಸಹಿಸ್ಕೊಳ್ಳಿ.” ಬೈಯುವ ಬಾಯಿಗಳೇ ಆಮೇಲೆ “ಹೇಗಿದೆ ನಿಮ್ಮ ಬೆಕ್ಕು?” ಎಂದು ವಿಚಾರಿಸುವುದನ್ನು ಕಂಡಿದ್ದೇನೆ. ಬೆಕ್ಕು ಕೂಗಿದಾಗ ಗದರಬೇಡಿ, ಮಲಗಿದಲ್ಲಿಂದಲೇ ಹೆಸರು ಹಿಡಿದು ಕರೆಯಿರಿ. ಅರ್ಧ ನೋಟ ಇರುವ ಬೆಕ್ಕಿಗೆ ನೆಲದ ಹತ್ತಿರ ಒಂದು ಜೀರೋ ಬಲ್ಬು ದೊಡ್ಡ ಆಸರೆ. ಸಂಜೆ ಸ್ವಲ್ಪ ಆಡಿಸಿ, ಮಲಗುವ ಮುಂಚೆ ಬೆಚ್ಚಗಿನ ಊಟ ಒಂದಿಷ್ಟು ಕೊಡಿ. ಡಿಸೆಂಬರ್ ಜನವರಿಯ ಚಳಿಯಲ್ಲಿ ಹಾಸಿಗೆಗೆ ಕಂಬಳಿ ಇರಲಿ. ಹಂಡೆ ಒಲೆಯ ಪಕ್ಕ ಮಲಗುತ್ತಿದ್ದ ಬೆಕ್ಕುಗಳ ಸುಖ ಗೀಸರ್ ಕಾಲದ ಬೆಕ್ಕುಗಳಿಗಿಲ್ಲ.

ನನ್ನನ್ನು ಈಚೆಗೆ ಹೆಚ್ಚು ಕಾಡುತ್ತಿರುವುದು ಮನೆ ಬದಲಾಯಿಸುವ ವಿಚಾರ. ಗಾಂಧಿ ಬಜಾರಿನ ಸುತ್ತ, ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಯ ಅಡ್ಡರಸ್ತೆಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಬಿಲ್ಡರಿಗೆ ಹೋಗುತ್ತಿವೆ. ಎರಡು ವರ್ಷ ಬಾಡಿಗೆ ಮನೆ, ಆಮೇಲೆ ಅದೇ ಜಾಗದಲ್ಲಿ ಫ್ಲಾಟು. ಮನುಷ್ಯರಿಗೇ ಕಷ್ಟ, ಕಣ್ಣಿಲ್ಲದ, ಮರೆವಿನ ಬೆಕ್ಕಿಗೆ ಕೇಳುವುದೇ ಬೇಡ. ಕೆಲವರು ಈ ಹೊತ್ತಿನಲ್ಲೇ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಮಾರ್ಕೆಟ್ಟಿನ ಹತ್ತಿರ ಬಿಟ್ಟುಬರುತ್ತಾರೆ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಅಪರಾಧ. ಕಾನೂನು ಹಾಗಿರಲಿ, ಆ ಬೆಕ್ಕು ಎರಡು ದಿನ ಬದುಕುವುದಿಲ್ಲ. ದಯವಿಟ್ಟು ಅದನ್ನು ಮಾಡಬೇಡಿ.

ಜೊತೆಗೆ ಕರೆದುಕೊಂಡು ಹೋಗುವುದು ಸಾಧ್ಯ. ಸಾಮಾನು ಕಟ್ಟುವ ದಿನ ಬಾಗಿಲು ಗೇಟು ಎಲ್ಲ ತೆರೆದಿರುತ್ತದೆ, ಆದ್ದರಿಂದ ಬೆಕ್ಕನ್ನು ಒಂದು ಕೋಣೆಯಲ್ಲಿ ಹಾಕಿ ಬೀಗವನ್ನೇ ಹಾಕಿ. ಲಾರಿಯವರು ಹೋದ ಮೇಲೆ ಕೊನೆಯಲ್ಲಿ ಅದನ್ನು ಕರೆದೊಯ್ಯಿರಿ. ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆ, ಚಿಕ್ಕ ಕೋಣೆ. ಒಗೆಯದ ಹಳೆಯ ಹಾಸಿಗೆ, ಅದೇ ತಟ್ಟೆ, ಅದೇ ರೇಡಿಯೋ, ಹಳೆಯ ಮಣ್ಣು ಒಂದು ಹಿಡಿ ಬೆರೆಸಿದ ಟ್ರೇ. ಬೆಕ್ಕನ್ನು ಎತ್ತಿ ನೇರವಾಗಿ ಟ್ರೇಯಲ್ಲಿ ಇಳಿಸಿ, ಅಲ್ಲಿಂದ ತಾನಾಗಿ ಹೊರಟು ಕೋಣೆಯನ್ನು ಅಳೆಯಲಿ. ಅದರ ಕೆನ್ನೆಗೆ ಒಂದು ಮೆತ್ತನೆಯ ಬಟ್ಟೆ ಸವರಿ, ಆ ಬಟ್ಟೆಯನ್ನು ಬಾಗಿಲಿನ ಚೌಕಟ್ಟಿಗೆ, ಮಂಚದ ಕಾಲಿಗೆ ಬೆಕ್ಕಿನ ಎತ್ತರದಲ್ಲಿ ಉಜ್ಜಿ. ಕೆನ್ನೆಯ ಗ್ರಂಥಿಗಳ ವಾಸನೆ “ಇದು ನನ್ನದು” ಎಂಬ ಧೈರ್ಯ ಕೊಡುತ್ತದೆ. ಆ ಕೋಣೆಯಲ್ಲಿ ತಲೆ ಎತ್ತಿಕೊಂಡು ನಡೆಯಲು ಶುರುಮಾಡಿದ ಮೇಲೆ ಮುಂದಿನ ಕೋಣೆಯ ಬಾಗಿಲು ತೆರೆಯಿರಿ. ಬಾಲ್ಕನಿಗೆ ಬಲೆ ಹಾಕಿಸದೆ ಬಾಗಿಲು ತೆರೆಯಲೇಬೇಡಿ. ಮರೆವು ಬಹಳವಾದ ಬೆಕ್ಕಿಗೆ ಕೊನೆಯವರೆಗೂ ಒಂದೇ ಕೋಣೆ ಸಾಕಾಗಬಹುದು. ಅದು ಸೆರೆಯಲ್ಲ, ಅದರ ತಲೆಗೆ ಹಿಡಿಸುವಷ್ಟು ಮನೆ.

ಕೊನೆಯ ದಿನಗಳ ಮಾತನ್ನು ತಪ್ಪಿಸಲಾರೆ. ಊಟ ಸೇರುತ್ತಿದೆಯೇ, ಮೈ ನೆಕ್ಕಿಕೊಳ್ಳುತ್ತಿದೆಯೇ, ನಿಮ್ಮ ಕೈ ಸೋಕಿದರೆ ಗುರುಗುಟ್ಟುತ್ತದೆಯೇ ನೋಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಗುರುತು ಹಾಕುತ್ತಾ ಬನ್ನಿ. ಮನಸ್ಸು ಮೋಸ ಮಾಡುತ್ತದೆ, ಕ್ಯಾಲೆಂಡರ್ ಮಾಡುವುದಿಲ್ಲ. ಕೆಟ್ಟ ದಿನಗಳೇ ತುಂಬಿಕೊಂಡು, ನೋವು ಯಾವ ಔಷಧಿಗೂ ಬಗ್ಗದಿದ್ದಾಗ ಅರಿವಳಿಕೆ ಮದ್ದಿನಿಂದ ನಿದ್ದೆಯಲ್ಲೇ ಕಳಿಸಿಕೊಡುವ ಉಪಾಯ ವೈದ್ಯರ ಬಳಿ ಇದೆ. ಅದು ಪಾಪವೇ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ನರಳಿಸಿ ನೋಡುತ್ತಾ ಕೂರುವುದಕ್ಕಿಂತ ಅದು ದಯೆ ಎಂಬುದು ನನ್ನ ದೃಢವಾದ ನಂಬಿಕೆ. ಆದರೆ ಬರೀ ಕುರುಡು, ಬರೀ ಮರೆವು ಅದಕ್ಕೆ ಕಾರಣವಾಗಬಾರದು. ಉಂಡು, ಮಲಗಿ, ಬಿಸಿಲು ಕಾಯುವ ಕುರುಡು ಬೆಕ್ಕಿಗೆ ಬದುಕು ಇನ್ನೂ ಬೇಕಾಗಿದೆ.

ಮಕ್ಕಳು ಅಮೆರಿಕದಲ್ಲೋ ಸಿಂಗಪುರದಲ್ಲೋ ಇದ್ದು, ನೀವೊಬ್ಬರೇ ಒಂದು ಮುದಿ ಬೆಕ್ಕಿನ ಜೊತೆ ಇರುವವರು ಮಲ್ಲೇಶ್ವರದಲ್ಲಿ ಎಷ್ಟೋ ಮಂದಿ ಇದ್ದೀರಿ. ನಿಮಗೇ ಒಂದು ರಾತ್ರಿ ಆಸ್ಪತ್ರೆ ಸೇರಬೇಕಾಗಿ ಬಂದರೆ ಬೆಕ್ಕಿನ ಗತಿ ಏನು ಎಂಬ ಚಿಂತೆ ನಿಮಗಿರುತ್ತದೆ. ಇವತ್ತೇ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಬೆಕ್ಕಿನ ಹೆಸರು, ವಯಸ್ಸು, ಯಾವ ಕಣ್ಣು ಕಾಣುವುದಿಲ್ಲ, ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ, ಏನು ತಿನ್ನುತ್ತದೆ, ಟ್ರೇ ಎಲ್ಲಿದೆ, ಡಾಕ್ಟರ ಫೋನ್ ನಂಬರು ಏನು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಎದುರುಮನೆಯವರನ್ನೋ ಕೆಲಸದ ಅಮ್ಮನನ್ನೋ ಕರೆದು ಒಮ್ಮೆ ಬೆಕ್ಕಿನ ಹತ್ತಿರ ಕೂರಿಸಿ, ಅವರ ದನಿ, ಅವರ ಕೈಯ ವಾಸನೆ ಅದಕ್ಕೆ ಪರಿಚಯವಾಗಲಿ. ಮನೆಯ ಬೀಗದ ಕೈ ಒಂದನ್ನು ಅವರ ಹತ್ತಿರ ಕೊಟ್ಟಿಡಿ.